ಫ್ರಿಜ್ ಕೆಟ್ಟಿದೆ: ರಿಪೇರಿ ಮಾಡಿಸೋಣವೋ, ಹೊಸದು ತರೋಣವೋ?

ಫ್ರಿಜ್ ತಣ್ಣಗಾಗುತ್ತಿಲ್ಲ ಅಂದ ಕೂಡಲೇ ಮನೆಯಲ್ಲಿ ಎರಡು ಪಕ್ಷ ಆಗುತ್ತದೆ. "ಎಷ್ಟು ವರ್ಷ ಆಯ್ತು, ಕೊಟ್ಟು ಹೊಸದು ತರೋಣ" ಅನ್ನುವವರು ಒಂದು ಕಡೆ. "ಸುಮ್ನೆ ಗ್ಯಾಸ್ ಹಾಕಿಸಿದ್ರೆ ಆಯ್ತು" ಅನ್ನುವವರು ಇನ್ನೊಂದು ಕಡೆ. ಏನು ಕೆಟ್ಟಿದೆ ಅನ್ನುವುದು ಮಾತ್ರ ಇಬ್ಬರಿಗೂ ಗೊತ್ತಿರುವುದಿಲ್ಲ.

ದುಡ್ಡು ಹಾಳಾಗುವುದು ಇಲ್ಲೇ. ಇನ್ನೂರು ಮುನ್ನೂರು ರೂಪಾಯಿಯ ರಿಲೇ (ಮೋಟಾರ್ ಶುರು ಮಾಡಿಸುವ ಚಿಕ್ಕ ಸ್ವಿಚ್) ಹೋಗಿದ್ದಕ್ಕೆ ಒಳ್ಳೆಯ ಫ್ರಿಜ್ಜನ್ನೇ ಎಕ್ಸ್‌ಚೇಂಜ್‌ಗೆ ಕೊಟ್ಟವರಿದ್ದಾರೆ. ಗೋಡೆಯೊಳಗೆ ಪೈಪ್ ತೂತಾದ ಫ್ರಿಜ್‌ಗೆ ವರ್ಷಕ್ಕೊಮ್ಮೆ ಗ್ಯಾಸ್ ಹಾಕಿಸುತ್ತಲೇ ಇರುವವರೂ ಇದ್ದಾರೆ. ಹಾಗಾಗಿ ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಮಾಡಿ. ಹೋದ ಪಾರ್ಟ್‌ನ ಹೆಸರು ತಿಳಿಯುವವರೆಗೆ ಶೋರೂಮ್ ಕಡೆ ಹೋಗಬೇಡಿ. ಅಲ್ಲಿಗೆ ಹೋದರೆ ಬರಿಗೈಯಲ್ಲಿ ವಾಪಸ್ ಬರುವುದು ಕಷ್ಟ.

ಕೈಯಲ್ಲಿ ಇರಬೇಕಾದವು

ಒಂದು ಟಾರ್ಚ್. ಸೊನ್ನೆಗಿಂತ ಕೆಳಗೂ ತೋರಿಸುವ ಫ್ರಿಜ್ ಥರ್ಮಾಮೀಟರ್ (ಜ್ವರ ನೋಡುವುದು ಆಗುವುದಿಲ್ಲ). ಹತ್ತು ರೂಪಾಯಿ ನೋಟು. ಹಳೆಯ ಹಲ್ಲುಜ್ಜುವ ಬ್ರಷ್. ಫ್ರಿಜ್‌ನ ಬಿಲ್, ವಾರಂಟಿ ಕಾರ್ಡ್, ಇತ್ತೀಚಿನ ಕರೆಂಟ್ ಬಿಲ್. ಪ್ಲಗ್‌ಗೆ ಸಿಕ್ಕಿಸಿ ಯೂನಿಟ್ ನೋಡುವ ಚಿಕ್ಕ ಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಹಂತ 1: ಕರೆಂಟ್ ಬರುತ್ತಿದೆಯಾ ನೋಡಿ

ಮೊದಲು ಒಳಗಿರುವುದನ್ನು ಉಳಿಸಿಕೊಳ್ಳಿ. ಹಾಲು ಕಾಯಿಸಿ. ಮೀನು, ಮಾಂಸ ಇದ್ದರೆ ಅವತ್ತೇ ಅಡುಗೆ ಮಾಡಿ. ಮನೆಯಲ್ಲಿ ಯಾರಾದರೂ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಇನ್ನೂ ತೆರೆಯದ ಬಾಟಲಿಗಳನ್ನು ಪಕ್ಕದ ಮನೆಯ ಫ್ರಿಜ್‌ನಲ್ಲಿಡಿ. ಫ್ರೀಜರ್‌ನಲ್ಲಿ ಮಾತ್ರ ಇಡಬೇಡಿ.

ಆಮೇಲೆ ಫ್ರಿಜ್ ಪ್ಲಗ್ ತೆಗೆದು ಅದೇ ಸಾಕೆಟ್‌ಗೆ ಇಸ್ತ್ರಿಪೆಟ್ಟಿಗೆ ಅಥವಾ ಬೇರೆ ಏನಾದರೂ ಹಾಕಿ ನೋಡಿ. ಸ್ಟೆಬಿಲೈಸರ್ ಇದ್ದರೆ ಅದರ ಔಟ್‌ಪುಟ್‌ಗೂ ಒಂದು ಬಲ್ಬ್ ಹಾಕಿ ನೋಡಿ. "ಫ್ರಿಜ್ ಸತ್ತೇ ಹೋಯ್ತು" ಅಂತ ಬರುವ ದೂರುಗಳಲ್ಲಿ ಎಷ್ಟೋ ಸಲ ಸತ್ತಿರುವುದು ಸ್ಟೆಬಿಲೈಸರ್. ಅದನ್ನು ಬಿಟ್ಟು ನೇರವಾಗಿ ಸಾಕೆಟ್‌ಗೆ ಹಾಕಿ ಪರೀಕ್ಷಿಸಬಹುದು, ಆದರೆ ವೋಲ್ಟೇಜ್ ಸರಿಯಾಗಿರುವ ಹೊತ್ತಿನಲ್ಲಿ ಮಾತ್ರ. ಬೇಸಿಗೆಯ ಸಂಜೆ, ಪಂಪ್‌ಸೆಟ್‌ಗಳೆಲ್ಲ ಓಡುವಾಗ ಹಳ್ಳಿ ಕಡೆ ವೋಲ್ಟೇಜ್ ಕುಸಿದಿರುತ್ತದೆ. ಆಗ ಒಳ್ಳೆಯ ಕಂಪ್ರೆಸರ್ (ಹಿಂದೆ ಕೆಳಗಡೆ ಇರುವ, ಗ್ಯಾಸನ್ನು ಪೈಪಿನಲ್ಲಿ ಓಡಿಸುವ ಮೋಟಾರ್) ಕೂಡ ಶುರುವಾಗುವುದಿಲ್ಲ.

ಒಂದು ಸಲ ಆಫ್ ಮಾಡಿದರೆ ಮತ್ತೆ ಆನ್ ಮಾಡಲು ಐದು ನಿಮಿಷ ಬಿಡಿ. ತಕ್ಷಣ ಹಾಕಿದರೆ ಕಂಪ್ರೆಸರ್ ಮೇಲೆ ಒತ್ತಡ ಬೀಳುತ್ತದೆ.

ಎಚ್ಚರಿಕೆ: ಮುಟ್ಟಿದರೆ ಜುಮ್ ಅನ್ನುವುದು, ಸುಟ್ಟ ವಾಸನೆ, ಪ್ಲಗ್ ಕಪ್ಪಾಗಿರುವುದು, ಫ್ರಿಜ್ ಹಾಕಿದರೆ ಎಂಸಿಬಿ (ಮೀಟರ್ ಬೋರ್ಡಿನ ಟ್ರಿಪ್ ಸ್ವಿಚ್) ಬೀಳುವುದು, ಇವುಗಳಲ್ಲಿ ಒಂದು ಕಂಡರೂ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ. ಮೇನ್ ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆದು, ನೇರವಾಗಿ 4ನೇ ಹಂತಕ್ಕೆ ಹೋಗಿ.

ಹಂತ 2: ರೋಗ ಯಾವುದು ಅಂತ ಕಿವಿ, ಕಣ್ಣಿನಿಂದ ಗುರುತಿಸಿ

ಇಲ್ಲಿ ಅವಸರ ಬೇಡ. ಒಂದು ದಿನ ಗಮನಿಸಿ. ಥರ್ಮಾಮೀಟರನ್ನು ಒಂದು ಲೋಟ ನೀರಿನಲ್ಲಿ ಮುಳುಗಿಸಿ ನಡುವಿನ ಶೆಲ್ಫ್‌ನಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ 4 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇದ್ದರೆ ಫ್ರಿಜ್ ಸರಿಯಾಗಿಯೇ ಇದೆ. ಫ್ರೀಜರ್ ಮೈನಸ್ 18ರ ಹತ್ತಿರ ಇರಬೇಕು. ಸಿಂಗಲ್ ಡೋರ್ ಆದರೆ ಅಷ್ಟು ಇಳಿಯದಿರಬಹುದು, ಐಸ್ ಗಟ್ಟಿಯಾಗುತ್ತಿದ್ದರೆ ಸಾಕು.

*ಒಳಗೆ ಲೈಟ್ ಉರಿಯುತ್ತದೆ, ಹಿಂದೆ ಸದ್ದೇ ಇಲ್ಲ.* ಥರ್ಮೋಸ್ಟಾಟ್ (ಎಷ್ಟು ತಣ್ಣಗಿದೆ ನೋಡಿ ಆನ್ ಆಫ್ ಮಾಡುವ ಭಾಗ), ವೈರಿಂಗ್ ಅಥವಾ ಕಂಪ್ರೆಸರ್ ಹತ್ತಿರದ ಭಾಗಗಳು ಹೋಗಿರಬಹುದು. ಇನ್ವರ್ಟರ್ ಮಾದರಿಯಾದರೆ (ಕಂಪ್ರೆಸರ್ ವೇಗವನ್ನು ತಾನೇ ಏರಿಳಿಸುವಂಥದ್ದು) ಅದರ ಎಲೆಕ್ಟ್ರಾನಿಕ್ ಬೋರ್ಡ್ ಮೇಲೆ ಅನುಮಾನ. ಹಿಂದೆ ಟಾರ್ಚ್ ಬಿಟ್ಟು ನೋಡಿ, ಇಲಿ ವೈರ್ ಕಡಿದಿದ್ದರೆ ಕಣ್ಣಿಗೇ ಕಾಣುತ್ತದೆ.

*ಕೆಲವು ನಿಮಿಷಕ್ಕೊಮ್ಮೆ "ಟಕ್", ಒಂದು ಗುಂಯ್, ಮತ್ತೆ "ಟಕ್".* ಕಂಪ್ರೆಸರ್ ಶುರುವಾಗಲು ನೋಡಿ ಸೋಲುತ್ತಿದೆ, ಓವರ್‌ಲೋಡ್ ಅನ್ನುವ ರಕ್ಷಣಾ ಸ್ವಿಚ್ ಅದನ್ನು ನಿಲ್ಲಿಸುತ್ತಿದೆ. ಕಾರಣ ಕಡಿಮೆ ವೋಲ್ಟೇಜ್ ಇರಬಹುದು, ಅಗ್ಗದ ರಿಲೇ ಅಥವಾ ಕೆಪಾಸಿಟರ್ ಇರಬಹುದು, ಕಂಪ್ರೆಸರ್ರೇ ಹಿಡಿದುಕೊಂಡಿರಬಹುದು. ಸದ್ದು ಒಂದೇ, ಖರ್ಚಿನಲ್ಲಿ ಮಾತ್ರ ಹತ್ತಿಪ್ಪತ್ತು ಪಟ್ಟು ವ್ಯತ್ಯಾಸ. ಹಾಗಾಗಿ ಈ ಸದ್ದು ಕೇಳಿಯೇ "ಕಂಪ್ರೆಸರ್ ಹೋಯ್ತು" ಅಂದವರ ಮಾತು ನಂಬಬೇಡಿ.

*ನಿಲ್ಲದೆ ಓಡುತ್ತದೆ, ತಣ್ಣಗಾಗುವುದಿಲ್ಲ.* ಸಿಂಗಲ್ ಡೋರ್ ಫ್ರಿಜ್ ಆದರೆ ಫ್ರೀಜರ್ ಪೆಟ್ಟಿಗೆಯ ಗೋಡೆಯನ್ನು ಸರಿಯಾಗಿ ನೋಡಿ. ಸರಿಯಿರುವ ಫ್ರಿಜ್‌ನಲ್ಲಿ ಹಿಮ ಎಲ್ಲ ಕಡೆ ತೆಳ್ಳಗೆ ಒಂದೇ ಸಮ ಕೂತಿರುತ್ತದೆ. ಗ್ಯಾಸ್ ಕಡಿಮೆಯಾದಾಗ ಒಂದು ಮೂಲೆಯಲ್ಲಿ ಮಾತ್ರ ಬಿಳಿ ಗಡ್ಡೆ, ಉಳಿದ ಕಡೆ ಬರೀ ತೇವ. ಆ ಮೂಲೆಯಿಂದ ಬೆರಳು ಎಳೆದುಕೊಂಡು ಹೋದರೆ ತಣ್ಣಗಿದ್ದದ್ದು ಎಲ್ಲಿ ಮುಗಿಯುತ್ತದೆ ಅಂತ ಗೊತ್ತಾಗುತ್ತದೆ. ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಮೆಕ್ಯಾನಿಕ್‌ಗೆ ತೋರಿಸಲು ಬೇಕಾಗುತ್ತದೆ.

*ಫ್ರೀಜರ್ ಚೆನ್ನಾಗಿದೆ, ಕೆಳಗಡೆ ಮಾತ್ರ ತಣ್ಣಗಿಲ್ಲ.* ಡಬಲ್ ಡೋರ್ ಫ್ರಾಸ್ಟ್ ಫ್ರೀ ಫ್ರಿಜ್‌ಗಳಲ್ಲಿ ಅತಿ ಹೆಚ್ಚು ಜನ ಮೋಸ ಹೋಗುವುದು ಈ ಲಕ್ಷಣದಲ್ಲಿ. ಈ ಫ್ರಿಜ್‌ಗಳಲ್ಲಿ ಫ್ರೀಜರ್‌ನ ಹಿಂಬದಿ ಫಲಕದೊಳಗೆ ಕಾಯಿಲ್ (ತಣ್ಣಗೆ ಮಾಡುವ ಪೈಪಿನ ಸುರುಳಿ) ಇರುತ್ತದೆ. ಅದರ ಮೇಲೆ ಕೂರುವ ಹಿಮವನ್ನು ಒಂದು ಹೀಟರ್ ಆಗಾಗ ಕರಗಿಸುತ್ತದೆ. ಹೀಟರ್, ಸೆನ್ಸರ್ ಅಥವಾ ಟೈಮರ್ ಕೈಕೊಟ್ಟರೆ ಹಿಮ ಕಟ್ಟಿ ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ. ತಣ್ಣನೆ ಗಾಳಿ ಕೆಳಗೆ ಬರುವುದಿಲ್ಲ. ಅಲ್ಲಿನ ಫ್ಯಾನ್ ನಿಂತರೂ ಹೀಗೇ ಆಗುತ್ತದೆ. ಗ್ಯಾಸ್‌ಗೂ ಇದಕ್ಕೂ ಸಂಬಂಧ ಕಡಿಮೆ.

ಪರೀಕ್ಷೆ ಸುಲಭ. ಎಲ್ಲ ಖಾಲಿ ಮಾಡಿ, ಪ್ಲಗ್ ತೆಗೆದು, ಬಾಗಿಲು ತೆರೆದು ಒಂದು ಹಗಲು ಒಂದು ರಾತ್ರಿ ಬಿಡಿ. ಕೆಳಗೆ ಹಳೆಯ ಟವೆಲ್ ಹಾಸಿ. ಮತ್ತೆ ಹಾಕಿದಾಗ ಕೆಲವು ದಿನ ಚೆನ್ನಾಗಿ ಓಡಿ ಆಮೇಲೆ ಹಳೆಯ ಕತೆಯೇ ಶುರುವಾದರೆ, ಅದು ಡಿಫ್ರಾಸ್ಟ್ ತೊಂದರೆ. ಇದಕ್ಕೆ ಹೊಸ ಫ್ರಿಜ್ ಬೇಕಿಲ್ಲ.

ಫ್ರಿಜ್‌ನ ಎರಡು ಪಕ್ಕ ಬಿಸಿಯಾಗುವುದು ರೋಗವಲ್ಲ. ಈಗಿನ ಹೆಚ್ಚಿನ ಮಾದರಿಗಳಲ್ಲಿ ಶಾಖ ಹೊರಹಾಕುವ ಪೈಪ್ ಪಕ್ಕದ ಗೋಡೆಯೊಳಗೇ ಇರುತ್ತದೆ. ತಣ್ಣಗಾಗದ ಫ್ರಿಜ್‌ನಲ್ಲಿ ಪಕ್ಕಗಳು ಬಿಸಿಯೇ ಆಗದಿದ್ದರೆ ಮಾತ್ರ ಅನುಮಾನ ಪಡಿ.

ಹಂತ 3: ಖರ್ಚಿಲ್ಲದ ಕೆಲಸಗಳನ್ನು ಮುಗಿಸಿ

ಬಾಗಿಲಿನ ರಬ್ಬರ್ ಮೊದಲು. ಹತ್ತು ರೂಪಾಯಿ ನೋಟನ್ನು ಅರ್ಧ ಒಳಗೆ ಅರ್ಧ ಹೊರಗೆ ಇರುವಂತೆ ಇಟ್ಟು ಬಾಗಿಲು ಮುಚ್ಚಿ, ಎಳೆಯಿರಿ. ಬಿಗಿಯಾಗಿ ಬಂದರೆ ಸರಿ. ಸಲೀಸಾಗಿ ಜಾರಿದರೆ ಅಲ್ಲಿ ಗಾಳಿ ಸೋರುತ್ತಿದೆ. ನಾಲ್ಕೂ ಬದಿಯಲ್ಲಿ ಮಾಡಿ, ಕೀಲಿನ ಬದಿ ಮರೆಯಬೇಡಿ. ರಬ್ಬರ್ ಮಡಿಕೆಯಲ್ಲಿ ಎಣ್ಣೆ ಜಿಡ್ಡು, ಸಾಂಬಾರ್ ಕಲೆ ಕೂತಿದ್ದರೆ ಸೋಪು ನೀರು, ಬ್ರಷ್ ಹಾಕಿ ತೊಳೆಯಿರಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಹಿಂದೆ ಕಪ್ಪು ಜಾಲರಿ ಇದ್ದರೆ ಪ್ಲಗ್ ತೆಗೆದು ಧೂಳು ಒರೆಸಿ. ಗೋಡೆಗೆ ಒತ್ತಿ ಇಟ್ಟಿದ್ದರೆ ಒಂದು ಗೇಣು ಮುಂದೆ ಎಳೆಯಿರಿ. ಒಳಗೆ ಗಾಳಿ ಬರುವ ಕಿಂಡಿಗೆ ಅಡ್ಡವಾಗಿ ದೋಸೆ ಹಿಟ್ಟಿನ ಪಾತ್ರೆ ಕೂರಿಸಿದ್ದರೆ ತೆಗೆಯಿರಿ. ಮಳೆಗಾಲದಲ್ಲಿ ಕಡಿಮೆಗೆ ತಿರುಗಿಸಿದ ನಾಬ್ ಬೇಸಿಗೆಯಲ್ಲೂ ಹಾಗೇ ಇದೆಯಾ ನೋಡಿ.

ಚಾಕು, ಸ್ಕ್ರೂಡ್ರೈವರ್ ಹಿಡಿದು ಐಸ್ ಕೆತ್ತಬೇಡಿ. ಫ್ರೀಜರ್ ಗೋಡೆಯ ಅಲ್ಯೂಮಿನಿಯಂ ತುಂಬ ತೆಳ್ಳಗಿರುತ್ತದೆ. "ಸುಸ್" ಅಂತ ಸದ್ದು ಬಂದರೆ ಗ್ಯಾಸ್ ಹೋಯಿತು ಅಂತಲೇ ಅರ್ಥ. ಆಗ ಒಲೆ ಹಚ್ಚಬೇಡಿ, ಸ್ವಿಚ್ ಮುಟ್ಟಬೇಡಿ, ಕಿಟಕಿ ತೆರೆಯಿರಿ. ಈಗಿನ ಬಹುತೇಕ ಫ್ರಿಜ್‌ಗಳಲ್ಲಿರುವ ಆರ್‌600ಎ ಗ್ಯಾಸ್‌ಗೆ ಬೆಂಕಿ ಹತ್ತಿಕೊಳ್ಳುತ್ತದೆ.

ಹಂತ 4: ವಾರಂಟಿ ಮತ್ತು ಸರಿಯಾದ ಫೋನ್ ನಂಬರ್

ಹೆಚ್ಚಿನ ಕಂಪನಿಗಳು ಇಡೀ ಫ್ರಿಜ್‌ಗೆ 1 ವರ್ಷ, ಕಂಪ್ರೆಸರ್‌ಗೆ ಬೇರೆಯಾಗಿ 10 ವರ್ಷದವರೆಗೆ ವಾರಂಟಿ ಕೊಡುತ್ತವೆ. "ಆರು ವರ್ಷ ಆಯ್ತು, ವಾರಂಟಿ ಎಲ್ಲಿ ಬಂತು" ಅಂತ ಕಾರ್ಡನ್ನೇ ನೋಡದವರು ಬಹಳ. ಹಾಗಂತ ಎಲ್ಲ ಫ್ರೀ ಅಂದುಕೊಳ್ಳಲೂ ಬೇಡಿ. ಸಾಮಾನ್ಯವಾಗಿ ಫ್ರೀ ಸಿಗುವುದು ಕಂಪ್ರೆಸರ್ ಮಾತ್ರ. ಗ್ಯಾಸ್, ಕೂಲಿ, ಸಾಗಾಟ ನಿಮ್ಮ ತಲೆ ಮೇಲೆ. ಹಾಗಿದ್ದರೂ ಲೆಕ್ಕ ಪೂರ್ತಿ ಬದಲಾಗುತ್ತದೆ.

ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಮೊದಲನೆಯದಕ್ಕೆ ಫೋನ್ ಮಾಡಬೇಡಿ. ನಕಲಿ ನಂಬರ್ ಹಾಕಿ ಕಾಯುತ್ತಿರುವವರು ಇದ್ದಾರೆ. ಫ್ರಿಜ್ ಮೇಲಿನ ಸ್ಟಿಕ್ಕರ್, ಮ್ಯಾನುಯಲ್ ಅಥವಾ ಕಂಪನಿಯ ಸ್ವಂತ ವೆಬ್‌ಸೈಟ್‌ನಲ್ಲಿರುವ ನಂಬರ್ ಮಾತ್ರ ಬಳಸಿ. "ರಿಜಿಸ್ಟರ್ ಮಾಡಲು ಹತ್ತು ರೂಪಾಯಿ ಕಳಿಸಿ", "ಈ ಆಪ್ ಹಾಕಿಕೊಳ್ಳಿ" ಅಂದರೆ ಫೋನ್ ಇಟ್ಟುಬಿಡಿ.

ವಾರಂಟಿಯಲ್ಲಿದ್ದೂ ಕಂಪನಿ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಬಿಡಿಭಾಗ, ರಿಪೇರಿ ಮಾಹಿತಿಗೆ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರ್ ಪೋರ್ಟಲ್ ಶುರು ಮಾಡಿದೆ. ನಿಮ್ಮ ಕಂಪನಿ ಅದರಲ್ಲಿದೆಯಾ ನೋಡಿ.

ಹಂತ 5: ಮೆಕ್ಯಾನಿಕ್ ಬಾಯಿಂದ ಪಾರ್ಟ್‌ನ ಹೆಸರು ಹೊರಡಿಸಿ

ಫೋನ್‌ನಲ್ಲೇ ವಿಸಿಟಿಂಗ್ ಚಾರ್ಜ್ ಎಷ್ಟು, ರಿಪೇರಿ ಮಾಡಿಸಿದರೆ ಅದನ್ನು ಕಳೆಯುತ್ತಾರಾ ಅಂತ ಕೇಳಿ. ಬಂದಾಗ ಎರಡನೇ ಹಂತದಲ್ಲಿ ಕಂಡಿದ್ದನ್ನು ಹೇಳಿ. "ಗ್ಯಾಸ್ ಹೋಗಿರಬೇಕು ನೋಡಿ" ಅಂತ ನೀವೇ ತೀರ್ಪು ಕೊಟ್ಟುಬಿಡಬೇಡಿ. ಕೊಟ್ಟರೆ "ಹೌದಕ್ಕ, ಗ್ಯಾಸೇ" ಅನ್ನುವುದು ಅವರಿಗೂ ಸುಲಭ.

ಒಳ್ಳೆಯ ಮೆಕ್ಯಾನಿಕ್ ಮೀಟರ್ ಹಿಡಿಯುತ್ತಾರೆ. ವೋಲ್ಟೇಜ್ ನೋಡುತ್ತಾರೆ, ಕಂಪ್ರೆಸರ್ ವೈಂಡಿಂಗ್ ನೋಡುತ್ತಾರೆ, ಎಷ್ಟು ಆಂಪಿಯರ್ ಎಳೆಯುತ್ತಿದೆ ಅಂತ ಕ್ಲಾಂಪ್ ಹಾಕಿ ನೋಡುತ್ತಾರೆ. ಹಿಂದೆ ಬಗ್ಗಿ ಕೈಯಿಟ್ಟು, "ಕಂಪ್ರೆಸರ್ ವೀಕ್ ಆಗಿದೆ" ಅಂತ ಎದ್ದು ನಿಂತವರಿಗೆ ವಿಸಿಟಿಂಗ್ ಚಾರ್ಜ್ ಕೊಟ್ಟು ಕಳಿಸಿ, ಇನ್ನೊಬ್ಬರನ್ನು ಕರೆಯಿರಿ.

ಗ್ಯಾಸ್ ಅಂದರೆ ಈ ಪ್ರಶ್ನೆ ಕೇಳಲೇಬೇಕು: "ಅಣ್ಣ, ಲೀಕ್ ಎಲ್ಲಿದೆ? ತೋರಿಸ್ತೀರಾ?" ಫ್ರಿಜ್‌ನ ಗ್ಯಾಸ್ ಬೈಕಿನ ಪೆಟ್ರೋಲ್ ಥರ ಖರ್ಚಾಗುವುದಿಲ್ಲ. ಅದು ಮುಚ್ಚಿದ ಪೈಪಿನೊಳಗೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ತೂತಿದೆ. ತೂತು ಹುಡುಕದೆ ಗ್ಯಾಸ್ ತುಂಬಿದರೆ ಕೆಲವು ತಿಂಗಳಲ್ಲಿ ಅದೇ ಮೆಕ್ಯಾನಿಕ್, ಅದೇ ಮಾತು.

ಲೀಕ್ ಇರುವ ಜಾಗವೇ ಫ್ರಿಜ್‌ನ ಹಣೆಬರಹ. ಹಿಂದೆ ಕಾಣುವ ಪೈಪ್, ಕಂಪ್ರೆಸರ್ ಹತ್ತಿರದ ಜಾಯಿಂಟ್ ಆದರೆ ವೆಲ್ಡಿಂಗ್ ಮಾಡಿ ಸರಿಪಡಿಸಬಹುದು. ಮಂಗಳೂರು, ಉಡುಪಿ, ಕಾರವಾರದ ಕಡೆ ಉಪ್ಪು ಗಾಳಿಗೆ ಪೈಪ್ ತುಕ್ಕು ಹಿಡಿದು ಸೋರುವುದು ಹೆಚ್ಚು. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬಾಯಿಬಿಡುತ್ತದೆ, ಪೂರ್ತಿ ಪೈಪನ್ನು ನೋಡಲು ಹೇಳಿ. ಲೀಕ್ ಗೋಡೆಯ ಫೋಮ್ ಒಳಗಿದ್ದರೆ ಅದನ್ನು ಮುಟ್ಟಲಾಗುವುದಿಲ್ಲ. ಪಕ್ಕದ ಗೋಡೆಯ ಕಂಡೆನ್ಸರ್ (ಶಾಖ ಹೊರಹಾಕುವ ಪೈಪ್) ಆದರೆ ಅದನ್ನು ಬಿಟ್ಟು ಹೊರಗೆ ಹೊಸ ಜಾಲರಿ ಕಟ್ಟಿಕೊಡುತ್ತಾರೆ, ನಡೆಯುತ್ತದೆ. ಒಳಗಿನ ಕೂಲಿಂಗ್ ಕಾಯಿಲ್ ಫೋಮ್‌ನಲ್ಲಿ ಹುದುಗಿದ್ದು ಅದೇ ಸೋರುತ್ತಿದ್ದರೆ, ನನ್ನ ಮಟ್ಟಿಗೆ ಆ ಫ್ರಿಜ್‌ಗೆ ಇನ್ನು ದುಡ್ಡು ಹಾಕುವುದು ಬೇಡ.

ಪಾರ್ಟ್‌ನ ಹೆಸರು, ಬೆಲೆ, ಕೂಲಿ, ಗ್ಯಾರಂಟಿ ಎಷ್ಟು ತಿಂಗಳು, ಇಷ್ಟನ್ನು ಚೀಟಿಯಲ್ಲಿ ಬರೆಸಿ. ಬರೆಯಲು ಒಪ್ಪದಿದ್ದರೆ ವಾಟ್ಸಾಪ್‌ನಲ್ಲಾದರೂ ಕಳಿಸಲು ಹೇಳಿ.

ಕೆಟ್ಟ ಸೂಚನೆಗಳು: "ಈಗಲೇ ಮಾಡಿಸದಿದ್ರೆ ಪೂರ್ತಿ ಹೋಗುತ್ತೆ" ಅನ್ನುವ ಅವಸರ. ಚೀಟಿ ಕೊಡದೆ ಫ್ರಿಜ್ಜನ್ನೇ ವರ್ಕ್‌ಶಾಪ್‌ಗೆ ಒಯ್ಯುತ್ತೇವೆ ಅನ್ನುವುದು. "ಯಾವ ಗ್ಯಾಸ್ ಹಾಕಿದ್ರೂ ನಡೆಯುತ್ತೆ" ಅನ್ನುವುದು. ಆರ್‌600ಎ ಫ್ರಿಜ್‌ಗೆ ಆರ್‌134ಎ ಅನ್ನುವ ಇನ್ನೊಂದು ಗ್ಯಾಸ್ ತುಂಬಿದರೆ ನಡೆಯುವುದಿಲ್ಲ. ಎರಡರ ಒತ್ತಡ ಬೇರೆ, ಕಂಪ್ರೆಸರ್ ಎಣ್ಣೆಯೂ ಬೇರೆ.

ಹಂತ 6: ಈಗ ಲೆಕ್ಕ ಹಾಕಿ

ಚೀಟಿ ಕೈಗೆ ಬಂದ ಮೇಲೆ ಅರ್ಧ ತೀರ್ಮಾನ ತಾನಾಗಿಯೇ ಆಗಿರುತ್ತದೆ.

ರಿಲೇ, ಕೆಪಾಸಿಟರ್, ಥರ್ಮೋಸ್ಟಾಟ್, ಬಾಗಿಲಿನ ರಬ್ಬರ್, ಫ್ಯಾನ್, ಡಿಫ್ರಾಸ್ಟ್ ಹೀಟರ್, ಸೆನ್ಸರ್ ಇವುಗಳಲ್ಲಿ ಒಂದು ಹೋಗಿದ್ದರೆ ಯೋಚನೆಯೇ ಬೇಡ, ರಿಪೇರಿ ಮಾಡಿಸಿ. ಫ್ರಿಜ್‌ಗೆ ಹನ್ನೆರಡು ವರ್ಷ ಆಗಿದ್ದರೂ ಅಷ್ಟೇ. ತಲೆಕೆಡಿಸಿಕೊಳ್ಳಬೇಕಾದದ್ದು ಕಂಪ್ರೆಸರ್, ಗ್ಯಾಸ್ ಲೀಕ್, ಇನ್ವರ್ಟರ್ ಬೋರ್ಡ್ ಈ ಮೂರಕ್ಕೆ.

ಬೋರ್ಡ್ ಬಗ್ಗೆ ಒಂದು ಮಾತು. ಸಿಡಿಲು, ವೋಲ್ಟೇಜ್ ಏರಿಳಿತಕ್ಕೆ ಮಲೆನಾಡಿನಲ್ಲಿ ಬೋರ್ಡ್ ಸುಡುವುದು ಸಾಮಾನ್ಯ. ಹಲ್ಲಿ ಹೊಕ್ಕು ಶಾರ್ಟ್ ಆಗುವುದೂ ಉಂಟು. ಕಂಪನಿಯವರು ಹೊಸ ಬೋರ್ಡನ್ನೇ ಹಾಕಿಸಲು ಹೇಳುತ್ತಾರೆ, ಅದು ದುಬಾರಿ. ಬೋರ್ಡ್ ರಿಪೇರಿ ಮಾಡುವವರು ದೊಡ್ಡ ಊರುಗಳಲ್ಲೆಲ್ಲ ಸಿಗುತ್ತಾರೆ. ವಾರಂಟಿ ಮುಗಿದಿದ್ದರೆ ಮೊದಲು ಅವರಿಗೆ ತೋರಿಸಿ.

ದೊಡ್ಡ ರಿಪೇರಿಗೆ "ಹೊಸದರ ಅರ್ಧ ಬೆಲೆ ದಾಟಿದರೆ ಬೇಡ" ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಅದು ತೀರಾ ಒರಟು ಲೆಕ್ಕ. ವರ್ಷಕ್ಕೆ ಎಷ್ಟು ಬೀಳುತ್ತದೆ ಅಂತ ನೋಡುವುದು ಮೇಲು. ಉದಾಹರಣೆಗೆ, ರಿಪೇರಿಗೆ 6,000 ರೂ. ಕೇಳಿದ್ದಾರೆ, ಆಮೇಲೆ 3 ವರ್ಷ ಓಡಬಹುದು ಅನ್ನಿ. ವರ್ಷಕ್ಕೆ 2,000 ರೂ. ಹೊಸದಕ್ಕೆ 20,000 ರೂ., 10 ವರ್ಷ ಓಡಿದರೆ ವರ್ಷಕ್ಕೆ ಅದೂ 2,000 ರೂ. ಆರು ವರ್ಷದ ಫ್ರಿಜ್ ಆಗಿದ್ದು ರಿಪೇರಿ ಆದ ಮೇಲೆ 5 ವರ್ಷ ಓಡುವಂತಿದ್ದರೆ ರಿಪೇರಿ ವರ್ಷಕ್ಕೆ 1,200ಕ್ಕೇ ಮುಗಿಯಿತು. ಹೀಗೆ ಭಾಗಿಸಿ ನೋಡಿ.

ಇನ್ನು ಕರೆಂಟ್. ಹೊಸ ಫ್ರಿಜ್‌ನ ಸ್ಟಾರ್ ಲೇಬಲ್ ಮೇಲೆ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರುತ್ತದೆ. ನಕ್ಷತ್ರ ಎಣಿಸಬೇಡಿ, ಆ ಯೂನಿಟ್ ನೋಡಿ. ಸ್ಟಾರ್ ಲೆಕ್ಕವನ್ನು ಆಗಾಗ ಬಿಗಿ ಮಾಡುತ್ತಾರೆ, ಹಳೆಯ 5 ಸ್ಟಾರ್‌ಗೂ ಇವತ್ತಿನ 5 ಸ್ಟಾರ್‌ಗೂ ಹೋಲಿಕೆ ಇಲ್ಲ.

ನಿಮ್ಮ ಹಳೆಯದರ ಯೂನಿಟ್ ತಿಳಿಯಲು ಪ್ಲಗ್ ಮೀಟರ್ ಹಾಕಿ 24 ಗಂಟೆ ಬಿಡಿ. ಅದಿಲ್ಲದಿದ್ದರೆ ಊರಿಗೆ ಹೋಗುವಾಗ ಫ್ರಿಜ್ ಬಿಟ್ಟು ಉಳಿದದ್ದೆಲ್ಲ ಆಫ್ ಮಾಡಿ, ಮನೆ ಮೀಟರ್‌ನ ಫೋಟೋ ತೆಗೆದುಕೊಳ್ಳಿ. ಬಂದ ಕೂಡಲೇ ಇನ್ನೊಂದು ತೆಗೆಯಿರಿ. ಆದರೆ ಕೆಟ್ಟಿರುವಾಗ ಅಳೆಯಬೇಡಿ. ಗ್ಯಾಸ್ ಕಡಿಮೆ ಇರುವ ಫ್ರಿಜ್ ನಿಲ್ಲದೆ ಓಡಿ ಯೂನಿಟ್ ಜಾಸ್ತಿ ತೋರಿಸುತ್ತದೆ. "ನೋಡಿ, ಹಳೇ ಫ್ರಿಜ್ ಎಷ್ಟು ಕರೆಂಟ್ ತಿನ್ನುತ್ತೆ" ಅಂತ ಸೇಲ್ಸ್‌ಮನ್ ಹೇಳಿದಾಗ ನಂಬಿಬಿಡುವುದು ಇದರಿಂದಲೇ. ಸರಿಯಿದ್ದ ದಿನಗಳ ಅಳತೆ ಅಥವಾ ಹಳೆಯ ಲೇಬಲ್‌ನ ಯೂನಿಟ್ ಹಿಡಿಯಿರಿ.

ದಿನಕ್ಕೆ 1.7 ಯೂನಿಟ್ ಅಂದರೆ ವರ್ಷಕ್ಕೆ ಸುಮಾರು 620. ಹೊಸದರ ಲೇಬಲ್ ಮೇಲೆ 220 ಇದ್ದರೆ ಉಳಿತಾಯ 400 ಯೂನಿಟ್. ಯೂನಿಟ್‌ಗೆ 6.50 ರೂ. ಹಿಡಿದರೆ ವರ್ಷಕ್ಕೆ 2,600 ರೂ. ನಿಮ್ಮ ಬಿಲ್ಲಿನಲ್ಲಿರುವ ದರ ಹಾಕಿಕೊಳ್ಳಿ.

ಕರ್ನಾಟಕದಲ್ಲಿ ಇಲ್ಲೊಂದು ತಿರುವು ಇದೆ. ಗೃಹಜ್ಯೋತಿಯಲ್ಲಿ ನಿಮಗೆ ಸೊನ್ನೆ ಬಿಲ್ ಬರುತ್ತಿದ್ದರೆ ಕರೆಂಟ್ ಉಳಿತಾಯದಿಂದ ನಿಮ್ಮ ಜೇಬಿಗೆ ಏನೂ ಬರುವುದಿಲ್ಲ. ಆ 2,600 ರೂಪಾಯಿಯನ್ನು ಲೆಕ್ಕದಿಂದ ತೆಗೆದುಬಿಡಿ. ಆಗ ರಿಪೇರಿ ಗೆಲ್ಲುವುದೇ ಹೆಚ್ಚು. ನೀವು ಬೇಸಿಗೆಯಲ್ಲಿ 200 ಯೂನಿಟ್ ಸ್ವಲ್ಪ ದಾಟುವವರಾದರೆ ಕತೆ ತಿರುಗುತ್ತದೆ. ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಲ್ವಾ? ತಿಂಗಳಿಗೆ 33 ಯೂನಿಟ್ ಉಳಿಸುವ ಫ್ರಿಜ್ ನಿಮ್ಮನ್ನು ಗೆರೆಯ ಈಚೆ ಇಟ್ಟರೆ ಅದರ ಬೆಲೆ ಬೇಗ ಹುಟ್ಟುತ್ತದೆ.

ಹಂತ 7: ರಿಪೇರಿ ಅಂತ ತೀರ್ಮಾನ ಆದರೆ

ಕೆಲಸ ಎದುರಿಗೇ ಮಾಡಿಸಿ. ಗ್ಯಾಸ್ ಕೆಲಸವಾದರೆ ಮೂರು ನೋಡಿ: ಹೊಸ ಫಿಲ್ಟರ್ ಹಾಕಿದರಾ, ವ್ಯಾಕ್ಯೂಮ್ ಪಂಪ್ ಅರ್ಧ ಗಂಟೆಯಾದರೂ ಓಡಿತಾ, ಗ್ಯಾಸನ್ನು ತೂಕ ಮಾಡಿ ತುಂಬಿದರಾ. ಎಷ್ಟು ಗ್ರಾಂ ಬೇಕು ಅಂತ ಫ್ರಿಜ್‌ನ ಪ್ಲೇಟ್ ಮೇಲೆ ಬರೆದಿರುತ್ತದೆ. ಕಾಲು ಗಂಟೆಯಲ್ಲಿ ಎಲ್ಲ ಮುಗಿಸಿ ಹೊರಟರೆ ಈ ಮೂರರಲ್ಲಿ ಏನೋ ಬಿಟ್ಟಿದ್ದಾರೆ. ಆರ್‌600ಎ ಆದರೆ ಬಾಗಿಲು ಕಿಟಕಿ ತೆರೆದಿರಲಿ, ಅಡುಗೆಮನೆಯಲ್ಲಿ ಬೇಡ, ಅಡುಗೆ ಗ್ಯಾಸ್ ಸಿಲಿಂಡರ್ ಆಫ್ ಇರಲಿ.

ತೆಗೆದ ಹಳೆಯ ಪಾರ್ಟ್ ಕೇಳಿ ಇಟ್ಟುಕೊಳ್ಳಿ. ಬದಲಾಯಿಸದೇ ಬಿಲ್ ಹಾಕುವವರಿಗೆ ಇದೊಂದೇ ಮದ್ದು. ಪೂರ್ತಿ ದುಡ್ಡು ಕೊಡುವ ಮೊದಲು ಲೋಟದ ಥರ್ಮಾಮೀಟರ್ ಪರೀಕ್ಷೆ ಮತ್ತೆ ಮಾಡಿ. ರಾತ್ರಿ ಕಳೆದು 4 ಡಿಗ್ರಿ ಹತ್ತಿರ ಬಂದ ಮೇಲೆ ಬಾಕಿ ಕೊಡುತ್ತೇನೆ ಅಂತ ಮೊದಲೇ ಮಾತಾಡಿಕೊಂಡಿದ್ದರೆ ಜಗಳವಿಲ್ಲ.

ಹಂತ 8: ಹೊಸದು ಅಂತ ತೀರ್ಮಾನ ಆದರೆ

ದಸರಾ, ದೀಪಾವಳಿ ಆಫರ್‌ಗೆ ಕಾಯಬೇಕೆಂದಿದ್ದರೆ ಅಲ್ಲಿಯವರೆಗೆ ದೊಡ್ಡ ರಿಪೇರಿ ಮಾಡಿಸಬೇಡಿ. ಎರಡೂ ಕಡೆ ದುಡ್ಡು ಹೋಗುತ್ತದೆ.

ಅಂಗಡಿಯಲ್ಲಿ ಸ್ಟಾರ್ ಲೇಬಲ್ ಆದ ಮೇಲೆ ರೇಟಿಂಗ್ ಪ್ಲೇಟ್ ಮೇಲಿನ ಹವಾಮಾನ ಅಕ್ಷರ ನೋಡಿ. ಎಸ್‌ಟಿ ಅಂದರೆ 38 ಡಿಗ್ರಿವರೆಗಿನ ಸೆಕೆಗೆ, ಟಿ ಅಂದರೆ 43 ಡಿಗ್ರಿವರೆಗೆ. ಕಲಬುರಗಿ, ರಾಯಚೂರು, ಬಳ್ಳಾರಿಯವರು ಟಿ ಇಲ್ಲದ್ದನ್ನು ಮುಟ್ಟಬೇಡಿ.

ಎಕ್ಸ್‌ಚೇಂಜ್ ಬೆಲೆ ಕೇಳುವ ಮೊದಲು ಎಕ್ಸ್‌ಚೇಂಜ್ ಇಲ್ಲದ ಬೆಲೆ ಕೇಳಿ. ಕೆಲವು ಕಡೆ ಎಂಆರ್‌ಪಿ ಮೇಲಿನ ರಿಯಾಯಿತಿಯನ್ನೇ ಹಳೆಯ ಫ್ರಿಜ್‌ನ ಬೆಲೆ ಅಂತ ತೋರಿಸುತ್ತಾರೆ. ಹಳೆಯದನ್ನು "ನೀರಿನ ಬಾಟಲಿಗೆ ಇರಲಿ" ಅಂತ ಇನ್ನೊಂದು ರೂಮಿನಲ್ಲಿ ಓಡಿಸಿದರೆ ಉಳಿತಾಯದ ಲೆಕ್ಕವೆಲ್ಲ ನೀರುಪಾಲು.

ಗುಜರಿಯವರಿಗೆ ಕೊಡುವುದಾದರೆ ಮನೆಯ ಒಳಗೆ ಪೈಪ್ ಕತ್ತರಿಸಲು ಬಿಡಬೇಡಿ. ಎತ್ತಿಕೊಂಡು ಹೋಗುವವರೆಗೆ ಬಾಗಿಲನ್ನೇ ಕಳಚಿಡಿ ಅಥವಾ ತೆರೆಯದಂತೆ ಹಗ್ಗ ಕಟ್ಟಿ, ಮಕ್ಕಳು ಒಳಗೆ ಅಡಗಿ ಕೂರುವುದುಂಟು. 2022ರ ಇ-ತ್ಯಾಜ್ಯ ನಿಯಮದ ಪ್ರಕಾರ ಹಳೆಯ ಉಪಕರಣಗಳ ಮರುಬಳಕೆಯ ಹೊಣೆ ತಯಾರಕರ ಮೇಲಿದೆ. ಕಂಪನಿಗೆ ಫೋನ್ ಮಾಡಿ ಹತ್ತಿರದ ಸಂಗ್ರಹ ಕೇಂದ್ರ ಎಲ್ಲಿದೆ ಅಂತ ಕೇಳಬಹುದು.

ಹೊಸದನ್ನು ಗಾಡಿಯಲ್ಲಿ ಮಲಗಿಸಿ ತಂದಿದ್ದರೆ ನಿಲ್ಲಿಸಿ ಕೆಲವು ಗಂಟೆ ಬಿಟ್ಟೇ ಪ್ಲಗ್ ಹಾಕಿ, ಕಂಪ್ರೆಸರ್ ಎಣ್ಣೆ ಕೆಳಗಿಳಿಯಬೇಕು. ಬಿಲ್‌ನ ಫೋಟೋವನ್ನು ಅವತ್ತೇ ತೆಗೆದಿಡಿ. ಥರ್ಮಲ್ ಕಾಗದದ ಬಿಲ್ ಒಂದೆರಡು ವರ್ಷದಲ್ಲಿ ಬಿಳಿ ಹಾಳೆ ಆಗುತ್ತದೆ, ಕಂಪ್ರೆಸರ್ ವಾರಂಟಿ ಇರುವುದು 10 ವರ್ಷ.